ನೋಟದ ಕೋಟೆ: ಚಾರಿತ್ರಿಕ ಕಟ್ಟಡ, ಚಲನಚಿತ್ರ ಮತ್ತು ಸಂದರ್ಶಕ

1. ಪ್ರವೇಶ

ಚಾರಿತ್ರಿಕ ಕಟ್ಟಡವೊಂದನ್ನು ಕಾಣಲು ಹೋಗುವವರು ಬರಿಗಣ್ಣಿನಲ್ಲಿ ಹೋಗುವುದಿಲ್ಲ. ಆ ಕಟ್ಟಡದ ಬಗ್ಗೆ ಮೊದಲೇ ರೂಪುಗೊಂಡ ಒಂದು ಚಿತ್ರವನ್ನು ಮನಸ್ಸಿನಲ್ಲಿರಿಸಿಕೊಂಡು ಹೋಗುತ್ತಾರೆ. ಹಿಂದೆ ಈ ಚಿತ್ರವನ್ನು ಸ್ಥಳಪುರಾಣಗಳು, ಲಾವಣಿಗಳು, ಕೈಫಿಯತ್ತುಗಳು ಒದಗಿಸುತ್ತಿದ್ದವು. ವಸಾಹತು ಕಾಲದಲ್ಲಿ ಗ್ಯಾಸೆಟಿಯರುಗಳೂ ಪ್ರವಾಸ ಕಥನಗಳೂ ಆ ಸಾಲಿಗೆ ಸೇರಿದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ಚಲನಚಿತ್ರವು ವಹಿಸಿಕೊಂಡಿತು. ಕೋಟೆ, ಮನೆ, ದೇಗುಲ, ಚರ್ಚು, ರೈಲ್ವೆ ನಿಲ್ದಾಣ ಮುಂತಾದವು ಚಿತ್ರೀಕರಣದ ತಾಣಗಳಾದಾಗ ಅವುಗಳ ಮೇಲೆ ಎರಡನೆಯ ನೆನಪೊಂದು ಕುಳಿತುಕೊಳ್ಳುತ್ತದೆ. ಮೊದಲನೆಯದು ಕಟ್ಟಡವನ್ನು ಕಟ್ಟಿದವರ, ಬಳಸಿದವರ, ಕಳೆದುಕೊಂಡವರ ನೆನಪು. ಎರಡನೆಯದು ಅದನ್ನು ತೆರೆಯ ಮೇಲೆ ಕಂಡವರ ನೆನಪು. ಈ ಎರಡು ನೆನಪುಗಳ ನಡುವಿನ ಸಂಬಂಧ ಯಾವ ಬಗೆಯದು, ಒಂದು ಇನ್ನೊಂದನ್ನು ಬೆಳಗಿಸುತ್ತದೆಯೋ ಮುಚ್ಚಿಹಾಕುತ್ತದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕನ್ನಡದಲ್ಲಿ ಚಲನಚಿತ್ರ ವಿಮರ್ಶೆಯು ಕಥೆ, ಅಭಿನಯ, ಸಂಗೀತ, ನಿರ್ದೇಶಕನ ದೃಷ್ಟಿ ಮುಂತಾದವುಗಳ ಬಗ್ಗೆ ಸಾಕಷ್ಟು ಚರ್ಚಿಸಿದೆ. ಚರಿತ್ರೆಯ ಅಧ್ಯಯನವು ಸ್ಮಾರಕಗಳ ಶಾಸನ, ಶಿಲ್ಪ, ಕಾಲನಿರ್ಣಯಗಳಿಗೆ ಗಮನ ಕೊಟ್ಟಿದೆ. ಇವೆರಡರ ನಡುವೆ ಉಳಿದುಹೋದ ಕ್ಷೇತ್ರವೆಂದರೆ ಚಿತ್ರೀಕರಣದ ತಾಣ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಸೀಮೆಯ ಬೆಟ್ಟಗಳನ್ನು, ಮುಖ್ಯವಾಗಿ ಮಂಜರಾಬಾದ್ ಕೋಟೆಯನ್ನು ಎದುರಿಗಿರಿಸಿಕೊಂಡು, ಕರ್ನಾಟಕದ ಇತರ ಕೆಲವು ಪ್ರಸಿದ್ಧ ಉದಾಹರಣೆಗಳ ಹೋಲಿಕೆಯಲ್ಲಿ ಈ ಕ್ಷೇತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮಂಜರಾಬಾದ್: ಕಾಣಲು ಕಟ್ಟಿದ ಕೋಟೆ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರವನ್ನು ದಾಟಿ ಪಶ್ಚಿಮಕ್ಕೆ ಸಾಗಿದಾಗ ದೋಣಿಗಲ್ಲಿನ ಬಳಿ ರಸ್ತೆಯ ಪಕ್ಕದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿರುವ ಈ ಕೋಟೆಯನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದನು. 1792 ಅದರ ನಿರ್ಮಾಣದ ವರ್ಷವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ವರ್ಷದ ರಾಜಕೀಯ ಸಂದರ್ಭವನ್ನು ನೆನೆಯದೆ ಕೋಟೆಯ ಅರ್ಥ ತಿಳಿಯುವುದಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ 1791ರ ಮಾರ್ಚಿಯಲ್ಲಿ ಬೆಂಗಳೂರು, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಹೀಗೆ ಒಂದಾದ ಮೇಲೊಂದು ಕೋಟೆಗಳು ಬ್ರಿಟಿಷರ ವಶವಾದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧ ಭಾಗವನ್ನು ಬಿಟ್ಟುಕೊಡಬೇಕಾಯಿತು. ಮಲಬಾರ್ ಮತ್ತು ಕೊಡಗು ಕೈತಪ್ಪಿದ ಮೇಲೆ ಅವನಿಗೆ ಉಳಿದ ಪ್ರಮುಖ ಕಡಲದಾರಿ ಮಂಗಳೂರಿನದು. ಆ ದಾರಿ ಘಟ್ಟವನ್ನೇರಿ ಬಯಲುಸೀಮೆಯ ಕಡೆಗೆ ತಿರುಗುವ ಸ್ಥಳದಲ್ಲಿ ಈ ಕೋಟೆ ನಿಂತಿದೆ.

ಕರ್ನಾಟಕದ ಗಿರಿದುರ್ಗಗಳ ಪರಂಪರೆಯಲ್ಲಿ ಇದು ಭಿನ್ನವಾದ ರಚನೆ. ಚಿತ್ರದುರ್ಗ, ಸಾವನದುರ್ಗ, ನಂದಿದುರ್ಗಗಳಲ್ಲಿ ಗೋಡೆಯು ಬಂಡೆಯ ಏರಿಳಿತವನ್ನು ಅನುಸರಿಸಿ ಹರಿಯುತ್ತದೆ. ಬೆಟ್ಟವೇ ಅಲ್ಲಿ ಅರ್ಧ ಕೋಟೆ. ಮಂಜರಾಬಾದಿನಲ್ಲಿ ಬೆಟ್ಟದ ನೆತ್ತಿಯ ಮೇಲೆ ಜ್ಯಾಮಿತಿಯ ಆಕೃತಿಯೊಂದನ್ನು ಇರಿಸಲಾಗಿದೆ: ಎಂಟು ಮೂಲೆಗಳ ನಕ್ಷತ್ರ. ಫ್ರಾನ್ಸಿನ ಸೇನಾ ಶಿಲ್ಪಿ ವೊಬಾನ್ (1633–1707) ಪರಿಷ್ಕರಿಸಿದ ಕೋಟೆ ವಿನ್ಯಾಸದ ಪ್ರಭಾವವನ್ನು ಇದರಲ್ಲಿ ಗುರುತಿಸಲಾಗಿದೆ. ಈ ವಿನ್ಯಾಸದ ತರ್ಕ ಸರಳವಾದುದು. ದುಂಡಗಿನ ಬುರುಜಿನ ಬುಡಕ್ಕೆ ಅಂಟಿಕೊಂಡು ನಿಂತ ಶತ್ರು ಮೇಲಿರುವವನ ಕಣ್ಣಿಗೆ ಬೀಳುವುದಿಲ್ಲ. ಗೋಡೆಯನ್ನು ಚೂಪಾದ ಕೋನಗಳಾಗಿ ಹೊರಚಾಚಿಸಿದರೆ ಒಂದು ಕೋನದಿಂದ ಪಕ್ಕದ ಗೋಡೆಯ ಬುಡ ಪೂರ್ತಿಯಾಗಿ ಕಾಣುತ್ತದೆ. ಹೀಗೆ ಪ್ರತಿಯೊಂದು ಮುಖವೂ ತನ್ನ ನೆರೆಯ ಮುಖವನ್ನು ಕಾಯುತ್ತದೆ. ಕಾಣದ ಮೂಲೆಯೆಂಬುದೇ ಉಳಿಯುವುದಿಲ್ಲ. ನಕ್ಷತ್ರಾಕೃತಿಯು ಅಲಂಕಾರವಲ್ಲ, ನೋಟದ ವ್ಯವಸ್ಥೆ.

ಕೋಟೆಯ ಹೆಸರೂ ಈ ದೃಷ್ಟಿಯಿಂದ ಕುತೂಹಲಕರ. ಸುಲ್ತಾನನು ಕೋಟೆಯನ್ನು ನೋಡಲು ಬಂದಾಗ ಸುತ್ತಲೂ ಮಂಜು ಕವಿದಿದ್ದುದರಿಂದ ಈ ಹೆಸರು ಬಂದಿತೆಂಬುದು ಜನಜನಿತ ಕಥೆ. ಪರ್ಷಿಯನ್ ಭಾಷೆಯಲ್ಲಿ ನೋಟ, ದೃಶ್ಯ ಎಂಬ ಅರ್ಥಗಳುಳ್ಳ ‘ಮಂಜರ್’ ಎಂಬ ಪದವೂ ಇದೆ. ಒಂದು ವ್ಯುತ್ಪತ್ತಿಯ ಪ್ರಕಾರ ಇದು ಏನೂ ಕಾಣದ ಊರು; ಇನ್ನೊಂದರ ಪ್ರಕಾರ ಎಲ್ಲವೂ ಕಾಣುವ ಊರು. ಮಳೆಗಾಲದಲ್ಲಿ ಮತ್ತು ಬೇಸಗೆಯಲ್ಲಿ ಕೋಟೆಯನ್ನು ಹತ್ತಿದವರಿಗೆ ಎರಡೂ ನಿಜವೆನಿಸುತ್ತದೆ.

ಈ ನೋಟದ ವ್ಯವಸ್ಥೆಯು ಹೊರಗಿನ ಶತ್ರುವಿಗೆ ಮಾತ್ರ ಮೀಸಲಾಗಿತ್ತೆಂದು ಭಾವಿಸಲಾಗದು. ಈ ಪ್ರದೇಶಕ್ಕೆ ಮೊದಲಿದ್ದ ಹೆಸರು ಬಲಂ. ಐಗೂರನ್ನು ನೆಲೆಯಾಗಿಸಿಕೊಂಡಿದ್ದ ಇಲ್ಲಿಯ ಪಾಳೆಯಗಾರರು ಮೈಸೂರಿನ ಅಧಿಕಾರಕ್ಕೆ ಸುಲಭವಾಗಿ ಮಣಿದವರಲ್ಲ. 1799ರಲ್ಲಿ ಟಿಪ್ಪು ಮಡಿದ ನಂತರವೂ ಬಲಂನ ವೆಂಕಟಾದ್ರಿ ನಾಯಕ ಸ್ವತಂತ್ರನಾಗಿ ಉಳಿಯಲು ಯತ್ನಿಸಿದನು. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯ ಸೇನೆ ಈ ಕಾಡಿಗೆ ನುಗ್ಗಿತು. 1802ರಲ್ಲಿ ನಾಯಕನನ್ನು ಸೆರೆಹಿಡಿದು ಗಲ್ಲಿಗೇರಿಸಲಾಯಿತು. ಮಂಗಳೂರು ಸೇರಿದಂತೆ ಕೆನರಾ ಪ್ರಾಂತ್ಯವು 1799ರಲ್ಲಿಯೇ ಕಂಪನಿಯ ಪಾಲಾಗಿದ್ದುದರಿಂದ ಕೋಟೆಯನ್ನು ಕಟ್ಟಿದ ಮೂಲ ಉದ್ದೇಶವು ಏಳೇ ವರ್ಷಗಳಲ್ಲಿ ಇಲ್ಲವಾಗಿತ್ತು. ಹೆಸರು ಮಾತ್ರ ಉಳಿಯಿತು. ಸಕಲೇಶಪುರವನ್ನು ಕೇಂದ್ರವಾಗುಳ್ಳ ತಾಲ್ಲೂಕು ಬಹುಕಾಲ ಮಂಜರಾಬಾದ್ ತಾಲ್ಲೂಕೆಂದೇ ಕರೆಯಲ್ಪಟ್ಟಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಯುರೋಪಿಯನ್ ಕಾಫಿ ಬೆಳೆಗಾರರು ಇಲ್ಲಿ ನೆಲೆಸಿದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ತಾನು ಪಡೆದ ಅನುಭವಗಳನ್ನು 1871ರಲ್ಲಿ ಪ್ರಕಟಿಸಿದನು. ಬಲಂ, ಮಂಜರಾಬಾದ್, ಸಕಲೇಶಪುರ ಎಂಬ ಹೆಸರುಗಳ ಈ ಸರಣಿಯೇ ಆ ಸೀಮೆಯ ಮೇಲೆ ಸಾಗಿಹೋದ ಅಧಿಕಾರಗಳ ಸಂಕ್ಷಿಪ್ತ ಚರಿತ್ರೆಯಾಗಿದೆ.

3. ನೆಲದಿಂದ ಕಾಣದ ಆಕೃತಿ

ಇಂದು ಮಂಜರಾಬಾದಿಗೆ ಬರುವ ಸಂದರ್ಶಕರಲ್ಲಿ ಬಹುಮಂದಿ ಆಕಾಶದಿಂದ ತೆಗೆದ ಕೋಟೆಯ ಚಿತ್ರವನ್ನು ನೋಡಿಯೇ ಬಂದವರು. ಹಸಿರು ಬೆಟ್ಟದ ಮೇಲೆ ಇಟ್ಟಂತಿರುವ ಎಂಟು ಮೊನೆಗಳ ನಕ್ಷತ್ರ, ಅದರ ನಡುವೆ ಶಿಲುಬೆಯಾಕಾರದ ಮೆಟ್ಟಿಲು ಬಾವಿ ಇವು ಪ್ರವಾಸಿ ಪ್ರಕಟಣೆಗಳಲ್ಲಿಯೂ ಚಲಿಸುವ ಚಿತ್ರಗಳಲ್ಲಿಯೂ ಎಣಿಕೆಗೆ ಮೀರಿ ಬಳಕೆಯಾಗಿವೆ. ಮೆಟ್ಟಿಲುಗಳನ್ನೇರಿ, ಕಮಾನಿನ ಬಾಗಿಲುಗಳನ್ನು ದಾಟಿ ಒಳಗೆ ಬಂದವರಿಗೆ ಎದುರಾಗುವುದೇ ಬೇರೆ. ಅಲ್ಲಿ ಕಾಣುವುದು ಗೋಡೆ, ಕಮಾನುಗಳ ಸಾಲು, ನೆಲದಡಿಯ ತಂಪಾದ ಕೋಣೆಗಳು, ಬಾವಿಗಿಳಿಯುವ ಮೆಟ್ಟಿಲುಗಳು. ನಕ್ಷತ್ರವು ಎಲ್ಲಿಯೂ ಕಾಣುವುದಿಲ್ಲ. ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ನಡೆದು, ಪ್ರತಿ ಮೂಲೆಯಲ್ಲೂ ದಿಕ್ಕು ಬದಲಾದುದನ್ನು ಕಾಲಿನಿಂದಲೇ ಗ್ರಹಿಸಿದವರಿಗೆ ಮಾತ್ರ ಆ ಆಕೃತಿಯ ಅರಿವಾಗಬಲ್ಲುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಕಾಶದಿಂದ ಕಾಣುವ ನಕ್ಷತ್ರ ಹಿಂದೆ ಇದ್ದುದು ವಿನ್ಯಾಸಕಾರನ ನಕ್ಷೆಯ ಮೇಲೆ ಮಾತ್ರ. ಕಲ್ಲು ಹೊತ್ತವರಿಗಾಗಲಿ, ಕಾವಲಿದ್ದ ಸಿಪಾಯಿಗಳಿಗಾಗಲಿ ಅದು ಆ ರೂಪದಲ್ಲಿ ಕಂಡಿರುವುದು ಸಾಧ್ಯವಿಲ್ಲ. ಇನ್ನೂರು ವರ್ಷಗಳ ಮೇಲೆ ಹಾರುವ ಕ್ಯಾಮೆರಾವು ನಕ್ಷೆಯಲ್ಲಿದ್ದ ಈ ನೋಟವನ್ನು ಎಲ್ಲರಿಗೂ ಒದಗಿಸಿತು. ಇದು ನಿಸ್ಸಂದೇಹವಾಗಿ ಒಂದು ಲಾಭ. ಕೋಟೆಯ ವಿನ್ಯಾಸದ ವೈಶಿಷ್ಟ್ಯವನ್ನು ಪುಟಗಟ್ಟಲೆ ವಿವರಣೆಗಿಂತ ಒಂದು ಚಿತ್ರ ಚೆನ್ನಾಗಿ ತಿಳಿಸುತ್ತದೆ. ಆದರೆ ಅದೇ ಚಿತ್ರವು ಕೋಟೆಯನ್ನು ಅದರ ರಸ್ತೆಯಿಂದ, ಗಡಿಯಿಂದ, ಬಲಂನ ಬಂಡಾಯದಿಂದ ಬಿಡಿಸಿ ಒಂದು ಸುಂದರ ವಸ್ತುವನ್ನಾಗಿ ಮಾಡುತ್ತದೆ. ಶತ್ರುವನ್ನು ನೋಡಲು ಕಟ್ಟಿದ ಕೋಟೆ ತಾನೇ ನೋಟದ ವಸ್ತುವಾಗಿಬಿಡುತ್ತದೆ. ಚಿತ್ರದಲ್ಲಿ ಕಂಡ ನಕ್ಷತ್ರ ಎದುರಿಗೆ ಕಾಣದಿದ್ದಾಗ ಕೆಲವರಿಗೆ ನಿರಾಸೆಯಾಗುವುದೂ ಇದರಿಂದಲೇ. ಕಟ್ಟಡವು ತನ್ನ ಚಿತ್ರಕ್ಕಿಂತ ಕಡಿಮೆಯದೆನಿಸುವ ಈ ಕ್ಷಣವು ವಿಮರ್ಶೆಗೆ ಮುಖ್ಯವಾದುದು.

4. ತಾಣವನ್ನು ಬಳಸುವ ಮೂರು ಕ್ರಮಗಳು

ಚಲನಚಿತ್ರವು ಚಾರಿತ್ರಿಕ ತಾಣವನ್ನು ಬಳಸುವ ರೀತಿಯನ್ನು ಸ್ಥೂಲವಾಗಿ ಮೂರು ಕ್ರಮಗಳಲ್ಲಿ ವಿಂಗಡಿಸಬಹುದು: ಸ್ವನಾಮದ ಕ್ರಮ, ಅನ್ಯನಾಮದ ಕ್ರಮ, ಅನಾಮಿಕ ಕ್ರಮ.

ಸ್ವನಾಮದ ಕ್ರಮದಲ್ಲಿ ತಾಣವು ತನ್ನ ಹೆಸರಿನಿಂದಲೇ ಚಿತ್ರದೊಳಗೆ ಬರುತ್ತದೆ. 1972ರ ‘ನಾಗರಹಾವು’ ಇದಕ್ಕೆ ಶ್ರೇಷ್ಠ ನಿದರ್ಶನ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಚಿತ್ರದುರ್ಗವು ಚಿತ್ರದುರ್ಗವಾಗಿಯೇ ಇದೆ. ನಾಯಕ ರಾಮಾಚಾರಿಯ ಸಿಟ್ಟು, ಹಟ, ಏಕಾಂತಗಳಿಗೆ ಬಂಡೆಗಳೂ ಬತೇರಿಗಳೂ ಹಿನ್ನೆಲೆ ಮಾತ್ರವಾಗದೆ ಸ್ವಭಾವದ ವಿಸ್ತರಣೆಯಾಗಿವೆ. ಚಿತ್ರದ ನಡುವೆ ಬರುವ ಓಬವ್ವನ ಪ್ರಸಂಗದಲ್ಲಿ ಜಯಂತಿಯವರ ಅಭಿನಯವು ಹೈದರಾಲಿಯ ಮುತ್ತಿಗೆಯ ಕಾಲದ ಜನಪದ ಸ್ಮೃತಿಯೊಂದನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು. ಏಳು ಸುತ್ತಿನ ಆ ವಿಶಾಲ ಕೋಟೆಯಲ್ಲಿ ಇಂದಿಗೂ ಸಂದರ್ಶಕರು ಮೊದಲು ಕೇಳಿಕೊಂಡು ಹೋಗುವ ಜಾಗಗಳಲ್ಲಿ ಓಬವ್ವನ ಕಿಂಡಿಯೂ ಒಂದು. ಇಲ್ಲಿ ಎರಡನೆಯ ನೆನಪು ಮೊದಲನೆಯ ನೆನಪಿನೊಳಕ್ಕೆ ದಾರಿ ತೋರಿಸುತ್ತದೆ. ಅದು ಚರಿತ್ರೆಯನ್ನು ಒಂದು ಕಿಂಡಿಯ ಅಗಲಕ್ಕೆ ಕಿರಿದುಗೊಳಿಸುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ನಾಯಕರ ಆಡಳಿತ, ನೀರಿನ ಹೊಂಡಗಳ ವ್ಯವಸ್ಥೆ, ಬೇಡ ಸಮುದಾಯದ ಸಂಘಟನೆ ಇವು ಆ ಪ್ರಸಂಗದ ಹೊಳಪಿನಲ್ಲಿ ಹಿಂದೆ ಸರಿಯುತ್ತವೆ. ಆದರೂ ಆ ಕಿಂಡಿಯಿಂದ ಪ್ರವೇಶಿಸಿದವರು ಚಿತ್ರದುರ್ಗವನ್ನೇ ಪ್ರವೇಶಿಸುತ್ತಾರೆ, ಬೇರೊಂದು ಊರನ್ನಲ್ಲ.

ಅನ್ಯನಾಮದ ಕ್ರಮದಲ್ಲಿ ತಾಣವು ಬೇರೆ ಹೆಸರಿನ ವೇಷ ಧರಿಸುತ್ತದೆ. 1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಆರ್.ಕೆ. ನಾರಾಯಣರ ಮಾಲ್ಗುಡಿಯಾಯಿತು. ಅಲ್ಲಿಯ ‘ದೊಡ್ಡ ಮನೆ’ಯ ಕಂಬಗಳು, ಅಂಗಳ, ಜಗಲಿಗಳು ಸ್ವಾಮಿಯ ಮನೆಯಾಗಿ ದೇಶದ ಜನರಿಗೆಲ್ಲ ಪರಿಚಿತವಾದವು. ಹೊಸನಗರ ತಾಲ್ಲೂಕಿನ ಅರಸಾಳು ರೈಲ್ವೆ ನಿಲ್ದಾಣವು ಮಾಲ್ಗುಡಿ ನಿಲ್ದಾಣವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಅನಂತರ, 2020ರಲ್ಲಿ, ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿಗೊಳಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ರೂಪಿಸಲಾಯಿತು. ಎಲ್ಲಿಯೂ ಇಲ್ಲದ ಊರಿಗೆ ಭೂಮಿಯ ಮೇಲೆ ಒಂದು ವಿಳಾಸ ದೊರೆತ ಅಪರೂಪದ ಸಂದರ್ಭವಿದು.

ಇದೇ ಕ್ರಮದ ಇನ್ನೊಂದು ಉದಾಹರಣೆ ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಇ.ಎಂ. ಫಾರ್ಸ್ಟರನ ಕಾದಂಬರಿಯ ಮರಬಾರ್ ಗುಹೆಗಳಿಗೆ ಪ್ರೇರಣೆ ಬಿಹಾರದ ಬರಾಬರ್ ಗುಹೆಗಳು. ಚಿತ್ರದಲ್ಲಿ ಅವುಗಳ ಪಾತ್ರವನ್ನು ವಹಿಸಿದ್ದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ಸಾವನದುರ್ಗವು 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾದ ಕೋಟೆ. ಅದರ ಪತನವು ಶ್ರೀರಂಗಪಟ್ಟಣದ ದಾರಿಯನ್ನು ತೆರೆದ ಘಟನೆಗಳಲ್ಲೊಂದು. ವಸಾಹತುಶಾಹಿಯ ಸಂದಿಗ್ಧಗಳನ್ನು ಕುರಿತ ಚಿತ್ರವೊಂದು ವಸಾಹತುಶಾಹಿ ಯುದ್ಧವೊಂದರ ರಂಗಸ್ಥಳದಲ್ಲೇ ನಡೆದರೂ ಚಿತ್ರದಲ್ಲಿ ಆ ಯುದ್ಧದ ಸುಳಿವಿಲ್ಲ. ಅನ್ಯನಾಮದ ಕ್ರಮದ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ.

ಮೂರನೆಯದು ಅನಾಮಿಕ ಕ್ರಮ. ಇಲ್ಲಿ ತಾಣಕ್ಕೆ ಸ್ವಂತದ ಹೆಸರೂ ಇಲ್ಲ, ಕಲ್ಪಿತ ಹೆಸರೂ ಇಲ್ಲ. ಅದು ಚೆಲುವಾದ ಹಿನ್ನೆಲೆ ಮಾತ್ರ. ಕನ್ನಡ ಚಿತ್ರಗಳ ಹಾಡುಗಳಲ್ಲಿ ಈ ಕ್ರಮ ಅತ್ಯಂತ ವ್ಯಾಪಕವಾದುದು. ಒಂದೇ ಹಾಡಿನಲ್ಲಿ ಕೋಟೆ, ತೋಟ, ಜಲಪಾತ, ದೇಗುಲದ ಜಗತಿಗಳು ಬಂದುಹೋಗುತ್ತವೆ. ಪ್ರೇಕ್ಷಕನು ಅವು ಎಲ್ಲಿಯವೆಂದು ಕೇಳುವುದಿಲ್ಲ, ಚಿತ್ರವೂ ಹೇಳುವುದಿಲ್ಲ.

ಸಕಲೇಶಪುರದ ಬೆಟ್ಟಗಳು ತೆರೆಗೆ ಬಂದುದು ಬಹುಮಟ್ಟಿಗೆ ಅನಾಮಿಕ ಹಾಗೂ ಅನ್ಯನಾಮದ ಕ್ರಮಗಳಲ್ಲಿಯೇ. ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ 2006ರ ಡಿಸೆಂಬರಿನಲ್ಲಿ ತೆರೆಕಂಡು ಕನ್ನಡ ಚಿತ್ರೋದ್ಯಮದ ಲೆಕ್ಕಾಚಾರಗಳನ್ನೇ ಬದಲಿಸಿತು. ಅದರ ಮಳೆಯ ದೃಶ್ಯಗಳನ್ನು ಚಿತ್ರೀಕರಿಸಿದ ತಾಣಗಳಲ್ಲಿ ಸಕಲೇಶಪುರವೂ ಸೇರಿದೆ. ಕಥೆ ನಡೆಯುವುದು ಕೊಡಗಿನಲ್ಲಿ. ಅನಂತನಾಗ್ ನಿರ್ವಹಿಸಿದ ಪಾತ್ರ ಕೊಡಗಿನ ನಿವೃತ್ತ ಸೇನಾಧಿಕಾರಿ. ಹೀಗಾಗಿ ಹಾಸನ ಜಿಲ್ಲೆಯ ಬೆಟ್ಟಗಳು ಕೊಡಗಿನ ಬೆಟ್ಟಗಳೊಂದಿಗೆ ಬೆರೆತು, ‘ಮಲೆನಾಡು’ ಎಂಬ ಒಂದೇ ಹಸಿರಾಗಿ ಪ್ರೇಕ್ಷಕನನ್ನು ತಲುಪಿದವು. ಚಿತ್ರವು ಮಳೆಯನ್ನೇ ಒಂದು ಪಾತ್ರವನ್ನಾಗಿ ಮಾಡಿದ ಬಗೆ ಮೆಚ್ಚತಕ್ಕದ್ದು. ಆ ಚಿತ್ರದ ಅನಂತರ ಮಳೆ ನೋಡಲು ಘಟ್ಟಕ್ಕೆ ಹೋಗುವುದು ನಗರದ ತರುಣರ ವಾರಾಂತ್ಯದ ರೂಢಿಯಾಗಿ ಬೆಳೆಯಿತು. ಮಳೆಯು ಕಾಫಿ ಕೊಯ್ಲಿಗೆ, ಏಲಕ್ಕಿಗೆ, ಗದ್ದೆಗೆ, ಕೂಲಿಗೆ ಏನು ಮಾಡುತ್ತದೆಂಬ ಊರಿನ ಅರಿವು ಈ ಮಳೆಯೊಳಗೆ ಸೇರಲಿಲ್ಲ. ಮಂಜರಾಬಾದ್ ಕೋಟೆಯನ್ನು ಹತ್ತುವ ಸಂದರ್ಶಕನು ಇಂಥ ಅನಾಮಿಕ ಹಸಿರಿನ ನಡುವಿನಿಂದ ಕೋಟೆಗೆ ಬರುತ್ತಾನೆ. ಚಿತ್ರದುರ್ಗಕ್ಕೆ ಬರುವವನ ಬಳಿ ಒಂದು ಕಥೆಯಾದರೂ ಇರುತ್ತದೆ. ಮಂಜರಾಬಾದಿಗೆ ಬರುವವನ ಬಳಿ ಇರುವುದು ಒಂದು ಬಣ್ಣ ಮತ್ತು ಒಂದು ಆಕೃತಿ.

5. ಹೇಮಾವತಿಯ ದಡದ ಪಾಳು

ಅನಾಮಿಕ ಕ್ರಮವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ತಿಳಿಯಲು ಬೆಟ್ಟದಿಂದ ಹೊಳೆಯ ಕಡೆಗೆ ಇಳಿಯಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯು ಸಕಲೇಶಪುರವನ್ನು ಹಾದು, ಆಲೂರು ಸೀಮೆಯ ಮೂಲಕ ಗೊರೂರಿನ ಕಡೆಗೆ ಹರಿಯುತ್ತದೆ. ಗೊರೂರಿನಲ್ಲಿ ನಿರ್ಮಿಸಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಆವರಿಸಿದ ಪ್ರದೇಶದಲ್ಲಿ ಹಾಸನದ ಸಮೀಪದ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರೆನ್ನಲಾದ ಈ ಚರ್ಚು ಮಳೆಗಾಲದಲ್ಲಿ ಅರೆಮುಳುಗಿ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ಚಾವಣಿಯಿಲ್ಲದ ಅದರ ಕಮಾನುಗಳು ಛಾಯಾಗ್ರಾಹಕರಿಗೂ ಚಿತ್ರತಂಡಗಳಿಗೂ ಪ್ರಿಯವಾದವು. ಈಚಿನ ವರ್ಷಗಳಲ್ಲಿ ಮದುವೆಗೆ ಮುಂಚಿನ ಚಿತ್ರಗಳನ್ನು ತೆಗೆಸಿಕೊಳ್ಳಲು ಜೋಡಿಗಳು ಬರುವ ಸ್ಥಳವಾಗಿಯೂ ಅದು ಹೆಸರಾಗಿದೆ.

ಈ ಚರ್ಚಿನ ಬಗ್ಗೆ ಪ್ರಚಾರದಲ್ಲಿರುವ ಎರಡು ಹೇಳಿಕೆಗಳನ್ನು ಪರಿಶೀಲಿಸುವುದು ಅಗತ್ಯ. ಇದನ್ನು ಕಟ್ಟಿಸಿದವನು ಅಬ್ಬೆ ದ್ಯುಬ್ವಾ ಎಂಬುದು ಮೊದಲನೆಯದು. ಹಿಂದೂ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧನಾದ ದ್ಯುಬ್ವಾ ಮೈಸೂರು ಸೀಮೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ್ದು ನಿಜ. ಹಾಸನದ ಸುತ್ತಿನ ಕೃಷಿಕ ಕ್ರೈಸ್ತ ನೆಲೆಗಳ ಆರಂಭದೊಂದಿಗೆ ಅವನ ಹೆಸರು ಸೇರಿಕೊಂಡಿರುವುದೂ ಸಹಜ. ಆದರೆ ಅವನು 1823ರಲ್ಲಿಯೇ ಫ್ರಾನ್ಸಿಗೆ ಮರಳಿ 1848ರಲ್ಲಿ ತೀರಿಕೊಂಡನು. 1860ರ ಕಟ್ಟಡವನ್ನು ಅವನಿಗೆ ಸಲ್ಲಿಸಲಾಗದು. ಆಲೂರು, ಸಕಲೇಶಪುರಗಳ ಶ್ರೀಮಂತ ಬ್ರಿಟಿಷ್ ತೋಟಗಾರರಿಗಾಗಿ ಚರ್ಚನ್ನು ಕಟ್ಟಲಾಯಿತೆಂಬುದು ಎರಡನೆಯ ಹೇಳಿಕೆ. ಫ್ರೆಂಚ್ ಕ್ಯಾಥೊಲಿಕ್ ಮಿಷನರಿಗಳ ಕೆಲಸ ಈ ಭಾಗದಲ್ಲಿ ಪ್ರಧಾನವಾಗಿ ಸ್ಥಳೀಯ ಕೃಷಿಕ ಕುಟುಂಬಗಳ ನಡುವೆ ನಡೆಯಿತೆಂಬುದನ್ನು ನೆನೆದರೆ ಈ ವಿವರಣೆ ಅಪೂರ್ಣವೆನಿಸುತ್ತದೆ. ಪಾಳುಬಿದ್ದ ಗಾಥಿಕ್ ಕಮಾನಿಗೆ ಯುರೋಪಿಯನ್ ಧಣಿಗಳ ಕಥೆಯೇ ಒಪ್ಪುತ್ತದೆಂಬ ಭಾವನೆ ಇದರ ಹಿಂದಿರುವಂತಿದೆ. ಹೊಲ ಉಳುತ್ತ, ಕನ್ನಡದಲ್ಲಿ ಪ್ರಾರ್ಥಿಸುತ್ತ, ಅದೇ ಅಂಗಳದಲ್ಲಿ ಮದುವೆ ಮಣ್ಣುಗಳನ್ನು ಕಂಡ ಕುಟುಂಬಗಳು ಆ ಕಥೆಯಲ್ಲಿ ಕಾಣಿಸುವುದಿಲ್ಲ.

ಚಿತ್ರದೊಳಗೆ ಕಾಣಿಸದವರ ಪ್ರಶ್ನೆ ಇಲ್ಲಿ ತೀವ್ರವಾಗುತ್ತದೆ. ಮಂಜರಾಬಾದಿನಲ್ಲಿ ಕೋಟೆಯನ್ನು ಕಳೆದುಕೊಂಡವರು ಇನ್ನೂರು ವರ್ಷಗಳ ಹಿಂದಿನವರು. ಶೆಟ್ಟಿಹಳ್ಳಿಯಲ್ಲಿ ಊರನ್ನು ಕಳೆದುಕೊಂಡವರ ನೆನಪು ಒಂದೆರಡು ತಲೆಮಾರಿನಷ್ಟು ಸಮೀಪದ್ದು. ಕಟ್ಟಡವು ಪಾಳಾದದ್ದು ಕಾಲದ ಸಹಜಗತಿಯಿಂದಲ್ಲ. ನೀರಾವರಿಗಾಗಿ ಕೈಗೊಂಡ ಒಂದು ನಿರ್ಧಾರದಿಂದ. ಆ ನೀರು ಕೆಳಗಿನ ತಾಲ್ಲೂಕುಗಳ ಹೊಲಗಳನ್ನು ಹಸನುಗೊಳಿಸಿದೆ ಎಂಬುದನ್ನೂ ಮರೆಯುವಂತಿಲ್ಲ. ಆದರೆ ತೆರೆಯ ಮೇಲೆ ಚರ್ಚು ಕಾಣುವುದು ಯಾರ ನಿರ್ಧಾರದ ಫಲವೂ ಅಲ್ಲದ, ಯಾರ ನಷ್ಟವೂ ಅಲ್ಲದ ರಮ್ಯ ಅವಶೇಷವಾಗಿ. ಅಣೆಕಟ್ಟು, ಮುಳುಗಡೆ, ಪುನರ್ವಸತಿ ಎಂಬ ಪದಗಳು ಆ ಚಿತ್ರದ ಚೌಕಟ್ಟಿನ ಹೊರಗೆ ಉಳಿಯುತ್ತವೆ.

ಹೇಮಾವತಿಯ ದಡದ ಬದುಕಿಗೆ ಸಾಹಿತ್ಯದಲ್ಲಿ ದೊರೆತ ಸ್ಥಾನದೊಡನೆ ಇದನ್ನು ಹೋಲಿಸಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ (1904–1991) ಪ್ರಬಂಧಗಳಲ್ಲಿ ಹೊಳೆ, ದೋಣಿ, ಅಗಸೆ, ಜಗಳ, ಜಾತ್ರೆಗಳೆಲ್ಲ ಹೆಸರು ಹಿಡಿದು ಬರುತ್ತವೆ. ಅವರ ಕೃತಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ (1974) ಚಿತ್ರೀಕರಣಗೊಂಡದ್ದು ಚಿಕ್ಕಮಗಳೂರು ಸೀಮೆಯ ಹಳ್ಳಿಯಲ್ಲಿ. ತಾಣ ಬದಲಾದರೂ ಊರೊಳಗಿನ ಸಂಬಂಧಗಳ ಸತ್ಯ ಬದಲಾಗಲಿಲ್ಲ. ಮನೆ, ಹೊಲ, ಪ್ರವಾಹಗಳಿಗೆ ಅಲ್ಲಿ ಕಥೆಯ ತೂಕವಿದೆ. ಇದರಿಂದ ಸ್ಪಷ್ಟವಾಗುವುದೇನೆಂದರೆ, ದೋಷವಿರುವುದು ತಾಣವನ್ನು ಬೇರೆ ಹೆಸರಿನಲ್ಲಿ ಬಳಸುವುದರಲ್ಲಲ್ಲ. ಬದುಕಿನಿಂದ ಬಿಡಿಸಿ ಬಳಸುವುದರಲ್ಲಿ.

6. ಆಕ್ಷೇಪಗಳು ಮತ್ತು ಸಮಾಧಾನ

ಈ ವಾದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಚಲನಚಿತ್ರವು ಕಲೆ, ಅದು ಪುರಾತತ್ತ್ವ ಇಲಾಖೆಯ ವರದಿಯಲ್ಲ. ತಾಣದ ಚರಿತ್ರೆಯನ್ನೆಲ್ಲ ಹೇಳುವ ಹೊಣೆ ಅದಕ್ಕಿಲ್ಲ ಎಂಬುದು ಮೊದಲನೆಯದು. ಈ ಆಕ್ಷೇಪ ನ್ಯಾಯವಾದುದೇ. ಸ್ವಾಮಿಯ ಮನೆಯಲ್ಲಿ ಆಗುಂಬೆಯ ಅಡಕೆ ವ್ಯಾಪಾರದ ಲೆಕ್ಕವನ್ನು ಹುಡುಕುವುದು ರಸಿಕತೆಯಲ್ಲ. ಆದರೆ ಚಿತ್ರಕ್ಕಿಲ್ಲದ ಹೊಣೆಯು ವಿಮರ್ಶೆಗಿದೆ, ಪ್ರವಾಸೋದ್ಯಮಕ್ಕಿದೆ, ಅಧ್ಯಯನ ಸಂಸ್ಥೆಗಳಿಗಿದೆ. ಚಿತ್ರವು ಬಿಟ್ಟ ಜಾಗವನ್ನು ಬೇರಾರೂ ತುಂಬದೆ ಹೋದಾಗ ಎರಡನೆಯ ನೆನಪೇ ಏಕೈಕ ನೆನಪಾಗುತ್ತದೆ.

ತೆರೆಯ ಮೇಲೆ ಬಂದುದರಿಂದಲೇ ಎಷ್ಟೋ ಕಟ್ಟಡಗಳು ಉಳಿದವು ಎಂಬುದು ಎರಡನೆಯದು. ಅರಸಾಳು ಇದಕ್ಕೆ ಸಾಕ್ಷಿ. ಮಾಲ್ಗುಡಿಯ ಹೆಸರಿಲ್ಲದಿದ್ದರೆ ಬಳಕೆ ತಪ್ಪಿದ ಆ ಪುಟ್ಟ ಕಟ್ಟಡದ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಕಲ್ಪನೆಯು ವಾಸ್ತವವನ್ನು ಕಾಪಾಡಿದ ಈ ಸಂದರ್ಭವನ್ನು ಗೌರವದಿಂದಲೇ ಕಾಣಬೇಕು. ಆದರೆ ಅಲ್ಲಿ ಉಳಿದುದು ಮಾಲ್ಗುಡಿಯ ನಿಲ್ದಾಣ. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಊರುಗಳು ಆ ರೈಲಿನೊಂದಿಗೆ ಕಟ್ಟಿಕೊಂಡ ಸಂಬಂಧದ ಚರಿತ್ರೆಗೂ ಅದೇ ಚಾವಣಿಯಡಿ ಎಡೆ ದೊರೆತಾಗ ಸಂರಕ್ಷಣೆ ಪೂರ್ಣವಾಗುತ್ತದೆ.

ಚಿತ್ರೀಕರಣದ ಬಗೆಗಿನ ಕಾನೂನು ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯ್ದೆ ಮತ್ತು ಅದರಡಿ ರಚಿತವಾದ 1959ರ ನಿಯಮಗಳು ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪೂರ್ವಾನುಮತಿಯನ್ನು ವಿಧಿಸುತ್ತವೆ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆಯಿದೆ. ಕಲ್ಲಿಗೆ, ಗಾರೆಗೆ, ಶಿಲ್ಪಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಇವುಗಳ ಉದ್ದೇಶ. ಅರ್ಥಕ್ಕೆ ಆಗುವ ಪೆಟ್ಟನ್ನು ತಡೆ��ುವ ಕಾಯ್ದೆಯಿಲ್ಲ, ಇರಬೇಕಾಗಿಯೂ ಇಲ್ಲ. ಅದು ವಿದ್ವತ್ತಿನ ಕೆಲಸ.

ಆ ಕೆಲಸಕ್ಕೆ ಚಲನಚಿತ್ರವೇ ಸಾಧನವೂ ಆಗಬಲ್ಲುದು. ತಾಣದಲ್ಲಿ ಚಿತ್ರೀಕರಿಸಿದ ಪ್ರತಿಯೊಂದು ಚಿತ್ರವೂ, ತಾನು ಉದ್ದೇಶಿಸದೆಯೇ, ಆ ಕಾಲದ ಕಟ್ಟಡದ ಸ್ಥಿತಿಯನ್ನು ದಾಖಲಿಸಿರುತ್ತದೆ. 1970ರ ‘ಸಂಸ್ಕಾರ’ದಲ್ಲಿ ಶೃಂಗೇರಿ ಸಮೀಪದ ವೈಕುಂಠಪುರದ ಅಗ್ರಹಾರ, 1972ರ ‘ನಾಗರಹಾವು’ವಿನಲ್ಲಿ ಚಿತ್ರದುರ್ಗದ ಗೋಡೆಗಳು, 1986ರ ಧಾರಾವಾಹಿಯಲ್ಲಿ ಆಗುಂಬೆಯ ಬೀದಿ ಇವು ಇಂದು ಕಲಾಕೃತಿಗಳೂ ಹೌದು, ಆಧಾರಗಳೂ ಹೌದು. ಯಾವ ಗೋಡೆ ಅಂದು ನಿಂತಿತ್ತು, ಯಾವ ಮಾಡಿಗೆ ಹಂಚಿತ್ತು, ಎಲ್ಲಿ ಮರವಿತ್ತು ಎಂಬುದನ್ನು ಚೌಕಟ್ಟು ಚೌಕಟ್ಟಾಗಿ ಓದಲು ಸಾಧ್ಯವಿದೆ. ಸಕಲೇಶಪುರ, ಆಲೂರು ಭಾಗದ ಕೋಟೆ, ಚರ್ಚು, ತೋಟದ ಬಂಗಲೆ, ಸೇತುವೆಗಳನ್ನು ಬಳಸಿಕೊಂಡ ಚಿತ್ರಗಳ ತಾಣಸೂಚಿಯೊಂದು ಸಿದ್ಧವಾದರೆ ಅದು ಚಿತ್ರಚರಿತ್ರೆಗೂ ಪ್ರಾದೇಶಿಕ ಚರಿತ್ರೆಗೂ ಸಮಾನವಾಗಿ ಉಪಯುಕ್ತ. ಅದರೊಂದಿಗೆ ಮುಳುಗಡೆಯ ಊರುಗಳ ಹಿರಿಯರ ಮಾತುಗಳನ್ನು ದಾಖಲಿಸುವ ಕಾರ್ಯವೂ ನಡೆಯಬೇಕು. ಮೊದಲನೆಯದಕ್ಕೆ ಕಾಲಾವಕಾಶವಿದೆ, ಎರಡನೆಯದಕ್ಕೆ ಹೆಚ್ಚು ಕಾಲವಿಲ್ಲ.

7. ಸಮಾರೋಪ

ತಾಣವು ತೆರೆಗೆ ಬಂದಾಗ ಅದರ ಹೆಸರು ಉಳಿದರೆ ಚರಿತ್ರೆಗೆ ಒಂದು ಬಾಗಿಲು ತೆರೆದಿರುತ್ತದೆಂಬುದನ್ನು ಚಿತ್ರದುರ್ಗ ತೋರಿಸುತ್ತದೆ. ಹೆಸರು ಬದಲಾದರೂ ಬದುಕಿನ ವಿವರ ಉಳಿದರೆ ಕಟ್ಟಡಕ್ಕೆ ಹೊಸ ಆಯುಸ್ಸು ಬರಬಲ್ಲುದೆಂಬುದಕ್ಕೆ ಆಗುಂಬೆ, ಅರಸಾಳುಗಳು ನಿದರ್ಶನ. ಹೆಸರೂ ವಿವರವೂ ಇಲ್ಲವಾದಾಗ ಕಟ್ಟಡವು ಎಲ್ಲಿಯದೂ ಆಗಬಹುದಾದ, ಆದ್ದರಿಂದ ಎಲ್ಲಿಯದೂ ಅಲ್ಲದ ಹಿನ್ನೆಲೆಯಾಗುತ್ತದೆ. ಮಂಜರಾಬಾದ್ ಮತ್ತು ಶೆಟ್ಟಿಹಳ್ಳಿಗಳು ಈ ಮೂರನೆಯ ಸ್ಥಿತಿಯ ಅಂಚಿನಲ್ಲಿವೆ. ಅವುಗಳಿಗೆ ಬೇಕಾಗಿರುವುದು ಕ್ಯಾಮೆರಾವನ್ನು ದೂರವಿಡುವ ಬೇಲಿಯಲ್ಲ, ಕ್ಯಾಮೆರಾ ಕಂಡದ್ದರ ಜೊತೆಗೆ ಕಾಣದ್ದನ್ನೂ ಹೇಳುವ ಅಕ್ಷರ.

ಮಳೆಗಾಲದ ದಿನಗಳಲ್ಲಿ ಮಂಜರಾಬಾದಿನ ಗೋಡೆಯ ಮೇಲೆ ನಿಂತವರಿಗೆ ಪಕ್ಕದ ಮೂಲೆಯೂ ಕಾಣದಂತೆ ಮಂಜು ಕವಿಯುತ್ತದೆ. ಯಾವ ಚಿತ್ರವೂ ದೊರೆಯದ ಆ ಹೊತ್ತಿನಲ್ಲಿ ಸಂದರ್ಶಕನಿಗೆ ಉಳಿಯುವುದು ಕಾಲಡಿಯ ಕಲ್ಲು ಮತ್ತು ಕೆಳಗಿನ ಹೆದ್ದಾರಿಯಲ್ಲಿ ಘಟ್ಟವೇರುವ ವಾಹನಗಳ ಸದ್ದು. ಯಾವ ದಾರಿಯನ್ನು ಕಾಯಲು ಕೋಟೆಯನ್ನು ಕಟ್ಟಲಾಯಿತೋ ಆ ದಾರಿ ಇನ್ನೂ ಅಲ್ಲಿಯೇ ಹಾದುಹೋಗುತ್ತಿದೆ. ಕೋಟೆಯ ಚರಿತ್ರೆಯನ್ನು ಓದಲು ಆರಂಭಿಸಬೇಕಾದುದು ಆ ಸದ್ದಿನಿಂದ.